ಅತ್ತೆಯ ತೋಳಿನ ಮೇಲೆ ನನ್ನ ಬೆರಳು

ಅತ್ತೆ ಪಾತಮ್ಮನವರಿಗೆ ಬಿಂದಿಗೆ ತಗುಲಿದರೆ ನೀಲಿ ಕಲೆ, ಬಳೆ ಒತ್ತಿದರೆ ನೀಲಿ ಕಲೆ. ಒಂದು ದಿನ ಬಚ್ಚಲಲ್ಲಿ ಜಾರುತ್ತಿದ್ದವರನ್ನು ಹಿಡಿದುಕೊಂಡೆ. ಮಾರನೇ ದಿನ ನನ್ನ ನಾಲ್ಕು ಬೆರಳೂ ಅವರ ತೋಳಿನ ಮೇಲೆ ಮೂಡಿದ್ದವು. ಅದು ನಾದಿನಿ ಪುಷ್ಪಲತಾಳ ಕಣ್ಣಿಗೇ ಬೀಳಬೇಕೆ? ತಿಂಗಳಿಗೊಮ್ಮೆ ಗಂಡನ ಊರು ನನ್ನಿವಾಳದಿಂದ ತಾಯಿಯನ್ನು ನೋಡಲು ಬರುವವಳು, ಅವತ್ತು ಹೋಗುವಾಗ ಕೊಂಡ್ಲಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅತ್ತಿಗೆ ನಮ್ಮವ್ವನನ್ನು ಹೊಡೆಯುತ್ತಾಳೆ ಎಂದು ಊರಿಗೆಲ್ಲ ಕೇಳುವಂತೆ ಅತ್ತಳು.

ಆಮೇಲೆ ಮೂರು ತಿಂಗಳು ನಾನು ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಗಂಡ ಬಾಲರಾಜ್ ನನ್ನ ಕಡೆಗೂ ನಿಲ್ಲಲಿಲ್ಲ, ತಂಗಿಯ ಕಡೆಗೂ ನಿಲ್ಲಲಿಲ್ಲ. ಅತ್ತೆಯಂತೂ ಕೇಳಿದವರಿಗೆಲ್ಲ ಏನೋ ಆಗಿದೆ ಬಿಡಿ ಎನ್ನುತ್ತಿದ್ದರೇ ಹೊರತು, ಸೊಸೆ ಹೊಡೆದಿಲ್ಲ ಎಂಬ ಒಂದು ಮಾತು ಆಡಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ನಾನೇ ಅವರನ್ನು ಚಳ್ಳಕೆರೆಗೆ ಕರೆದುಕೊಂಡು ಹೋದೆ.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಎಲ್ಲ ಸರಿಯಾಗಿತ್ತು. ಅತ್ತೆಯ ಊದಿದ ಮುಖವನ್ನೂ ಈರುಳ್ಳಿ ಸಿಪ್ಪೆಯಂಥ ಚರ್ಮವನ್ನೂ ನೋಡಿ, ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದರು ಅತ್ತೆ. ಮಂಡಿ ನೋವಿಗೂ ಇಲ್ಲವೇ ಎಂದಾಗ ಎಲೆಅಡಿಕೆ ಚೀಲದಿಂದ ಒಂದು ಪುಡಿ ಪೊಟ್ಟಣ ಹೊರಬಂತು. ಅದು ನಾಟಿ ಪುಡಿಯಂತೆ, ಔಷಧಿ ಅಲ್ಲವಂತೆ. ಎರಡು ವರ್ಷದಿಂದ ಪ್ರತಿ ತಿಂಗಳೂ ಮಗಳೇ ತಂದುಕೊಡುತ್ತಿದ್ದಾಳಂತೆ.

ಇಂಥ ಪುಡಿಗೆ ಸ್ಟಿರಾಯ್ಡ್ ಮಾತ್ರೆ ಅರೆದು ಬೆರೆಸುವವರಿದ್ದಾರೆ, ಚರ್ಮ ತೆಳ್ಳಗಾಗಿ ಮುಟ್ಟಿದರೆ ಕಲೆಯಾಗುವುದು ಅದರಿಂದಲೇ ಎಂದರು ಡಾಕ್ಟರು. ಒಮ್ಮೆಲೇ ಬಿಟ್ಟರೂ ಅಪಾಯವೆಂದು, ನಿಧಾನಕ್ಕೆ ಬಿಡಿಸಲು ಮಾತ್ರೆ ಬರೆದುಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿ, ಇದನ್ನು ಊರಲ್ಲಿ ಹೇಳಬೇಡ, ಮಗಳ ಹೆಸರು ಕೆಡುತ್ತದೆ ಎಂದರು. ಹಾಗಾದರೆ ನನ್ನ ಹೆಸರೇನು, ತಿಪ್ಪೆಗೆ ಎಸೆಯುವ ಕಸವೇ?

ಕೊಂಡ್ಲಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಮೊದಲು ನಾನು ಇಳಿದೆ. ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೈ ಚಾಚಿದರು. ಟೀ ಅಂಗಡಿಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಕೈ ಕೊಡಲಿಲ್ಲ.

"ಹಿಡಿದ್ರೆ ನನ್ನ ಬೆರಳು ಮತ್ತೆ ಮೂಡ್ತಾವೆ, ಅತ್ತೆ. ಅದು ಯಾಕೆ ಅಂತ ಇವ್ರಿಗೆಲ್ಲ ಹೇಳಿ ಇಳೀರಿ."

ಕಂಡಕ್ಟರ್ ಸೀಟಿ ಊದಿದ. ಅತ್ತೆ ಅಂಗಡಿಯ ಕಡೆ ನೋಡಿದರು, ನನ್ನ ಮುಖ ನೋಡಿದರು.

"ಸೊಸೆ ಸರ್ವಮಂಗಳ ನನ್ನ ಹೊಡ್ದಿಲ್ಲ," ಎಂದರು. "ನನ್ನ ಮಗಳು ತಂದ ಪುಡಿಯಿಂದ ಹಿಂಗಾಗೈತೆ."

ಆಗ ಅವರ ತೋಳು ಹಿಡಿದು ಇಳಿಸಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆಯೇ, ಸ್ವಲ್ಪ ಗಟ್ಟಿಯಾಗಿಯೇ ಹಿಡಿದೆ.