ಬಾರದವರ ಮೇಜು

"ಕಣ್ಣು ಹಿತ್ತಲಲ್ಲಿ ಬಿಟ್ಟು ಬಂದಿದ್ದೀಯೇನೇ ಮುದಿಗೂಬೆ? ಈ ಲೋಟ ಮುಟ್ಟು ಅಂತ ನಿಂಗೆ ಯಾವನು ಬೊಗಳಿದ?"

ಸೇನಾ ಮೆಸ್ಸಿನ ಮ್ಯಾನೇಜರ್ ಅಬ್ಬರಿಸಿದ ರಭಸಕ್ಕೆ ಪಾತ್ರೆ ತೊಳೆಯುವ ಮುದುಕಿಯ ಕೈಯ ಹೂಜಿ ತುಳುಕಿತು. ಬೋರಲು ಲೋಟವೆಂದರೆ ತೊಳೆದು ನೀರಿಳಿಯಲೆಂದು ಇಟ್ಟದ್ದು. ಊಟದ ಮೇಜಿನ ಮೇಲೂ ಹಾಗೆಯೇ ಇದ್ದರೆ ಬಡಿಸುವವರು ಮರೆತರೆಂದೇ ಅವಳ ಲೆಕ್ಕ. ಕೈರೂಢಿಯಂತೆ ಅದನ್ನು ನೆಟ್ಟಗೆ ನಿಲ್ಲಿಸಿ ನೀರು ತುಂಬಿದ್ದಳು.

"ಅದು ಕುಡಿಯೋಕಲ್ಲ ಕಣೇ. ಯುದ್ಧದಲ್ಲಿ ಸೆರೆ ಸಿಕ್ಕೋರು, ಕಾಣೆಯಾದೋರು, ಅವರ ಗೌರವಕ್ಕೆ. ಕುರ್ಚಿ ಖಾಲಿ, ಲೋಟ ಬೋರಲು. ತಲೆಗೆ ಹೋಯ್ತಾ?"

ಹೋಯಿತು. ಮುದುಕಿಯ ಬತ್ತಿದ ಮುಖದಲ್ಲಿ ಏಕಾಏಕಿ ಕಳೆ ತುಂಬಿತು.

"ಹಂಗಾದ್ರೆ ನನ್ ಮಗಂಗೂ ಸೇರ್ತು ಅನ್ನಿ ಸ್ವಾಮಿ! ಸೆರೆ ಸಿಕ್ಕ ಸಾಹೇಬ್ರ ಜೊತೇಲೇ, ಅದೇ ಲಾರೀಲೇ ವೈರಿಗಳು ಅವನನ್ನೂ ಎಳ್ಕೊಂಡ್ ಹೋದ್ರಲ್ಲ. ಸಂಜೆ ಸಭೇಲಿ ಹೆಸರು ಕೂಗೋವಾಗ ಅವನದೂ ಒಂದ್ಸಲ ಕೂಗಿಸಿಬಿಡಿ."

"ಯಾರು, ಆ ಸೌಟು ತಿರುವೋನದಾ?" ಮ್ಯಾನೇಜರ್ ಹೊಟ್ಟೆ ಕುಲುಕಿಸಿ ನಕ್ಕ. "ಅವನೇನು ಸಿಪಾಯೀನಾ? ದಿನಗೂಲಿ! ವೈರಿಗಳ ಅಡುಗೆಮನೇಲಿ ತಿಂದು ಕೊಬ್ಬಿರ್ತಾನೆ, ನಾಯಿನನ್ಮಗ. ಕೂಲಿಯೋರಿಗೆಲ್ಲ ಕುರ್ಚಿ ಹಾಕಿದ್ರೆ ಸಾಹೇಬ್ರು ನೆಲದ ಮೇಲೆ ಕೂರ್ಬೇಕಾ? ನೀರು ಒರೆಸು, ನಡಿ."

ಅವಳು ಒರೆಸಿದಳು. ಲೋಟವನ್ನು ಬೋರಲು ಹಾಕಿದಳು.

ಸಂಜೆ ದೊಡ್ಡ ಸಾಹೇಬರು ಖಾಲಿ ಕುರ್ಚಿಯತ್ತ ಕೈ ಚಾಚಿ, "ಮರಳಿ ಬಾರದ ಒಬ್ಬರನ್ನೂ ನಾವು ಮರೆತಿಲ್ಲ" ಎಂದು ಗದ್ಗದಿತರಾದರು. ಒಂದೊಂದಾಗಿ ಹೆಸರುಗಳು ಮೊಳಗಿದವು. ನೊರೆ ಮೆತ್ತಿದ ಕೈಯಲ್ಲೇ ಬಾಗಿಲ ಮರೆಯಲ್ಲಿ ನಿಂತ ತಾಯಿ, ಕೊನೆಯ ಹೆಸರಿನವರೆಗೂ ಕಾದಳು. ಮಗನ ಹೆಸರು ಬರಲಿಲ್ಲ. ಸಭೆ ಎದ್ದಿತು, ತಲೆಬಾಗಿತು, ಕುಳಿತಿತು. ತಟ್ಟೆ ಯಾವಾಗ ಬಂದೀತೆಂದು ಅಡುಗೆಮನೆಯ ಕಡೆ ಕತ್ತು ಹೊರಳಿಸಿತು.

ಬಂದದ್ದು ನೆಲ ಗೀರುವ ಸದ್ದು. ತರಕಾರಿ ಹೆಚ್ಚುವಾಗ ಕೂರುವ ಕುಂಟುಕಾಲಿನ ಸ್ಟೂಲನ್ನು ಮುದುಕಿ ದರದರನೆ ಎಳೆತಂದು ಖಾಲಿ ಕುರ್ಚಿಗೆ ತಾಗಿಸಿ ಇಟ್ಟಳು.

"ಇದು ನನ್ ಮಗಂದು."

"ಈ ಹುಚ್ಚುಮುಂಡೇನ ಆಚೆ ಹಾಕ್ರೋ!" ಮ್ಯಾನೇಜರ್ ಬಡಿಸುವವರತ್ತ ಕಿರುಚಿದ.

ತಟ್ಟೆ ಹೊತ್ತು ನಿಂತಿದ್ದವರು ಮುಖ್ಯ ಅಡುಗೆಯವನ ಮುಖ ನೋಡಿದರು. ಅವಳ ಮಗನಿಗೆ ಕೆಲಸ ಕಲಿಸಿದವನು ಅವನೇ.

"ತಟ್ಟೆ ಇಳಿಸ್ರಪ್ಪ ಕೆಳಗೆ," ಎಂದ ಅವನು. "ಒಲೆ ಆರಿಸಿ. ಗೌರವ ಇರೋರೇ ಬಂದು ಬಡಿಸ್ಕೊಳ್ಳಿ."

ತಟ್ಟೆಗಳು ಒಂದರ ಹಿಂದೊಂದು ನೆಲ ಕಂಡವು. ದೊಡ್ಡ ಸಾಹೇಬರು ಚಮಚದಿಂದ ಮೇಜು ಕುಟ್ಟಿದರು, ಮತ್ತೆ ಕುಟ್ಟಿದರು. ಮುದುಕಿ ಅಲುಗಲಿಲ್ಲ.

"ಹಸಿವಾ ಸ್ವಾಮಿ? ಕಾಯ್ರಿ," ಎಂದಳು. "ನಾನು ಕಾಯ್ತಾ ಇಲ್ವಾ?"