ಜತ್ತಿಗೆ ಪಟ್ಟಿ

ಮಸರಕಲ್ಲಿನ ಕೆಳಗಿನ ಕೇರಿಯಲ್ಲಿ ಅಂದು ಬೆಳಿಗ್ಗೆ ಹೆಣ ಎತ್ತುವುದಕ್ಕೂ ಮೊದಲು ಇತ್ಯರ್ಥವಾಗಬೇಕಿದ್ದ ಗಂಭೀರ ಪ್ರಶ್ನೆಯೆಂದರೆ, ಗೂಟಕ್ಕೆ ನೇತುಹಾಕಿದ್ದ ಎರಡು ಬೆರಳಗಲದ ಚರ್ಮದ ಪಟ್ಟಿ ಎಮ್ಮೆಯದೋ ಬಂದೂಕಿನದೋ ಎಂಬುದು. ಅದರ ಒಂದು ತುದಿ ದೊಡ್ಡಪ್ಪನ ಕೈಯಲ್ಲಿತ್ತು, ಇನ್ನೊಂದು ಬಸ್ಸಮ್ಮನ ಕೈಯಲ್ಲಿ. ನಡುವೆ ಚಾಪೆಯ ಮೇಲೆ ಬಸ್ಸಮ್ಮನ ಗಂಡ ಉರುಕುಂದಪ್ಪ, ತನ್ನ ಅಭಿಪ್ರಾಯವನ್ನು ಎಂದೋ ಹೇಳಿ ಮುಗಿಸಿದವನಂತೆ, ಮಲಗಿದ್ದ.

"ಚಟ್ಟ ಬಿಗಿಯಾಕ ಹಗ್ಗ ಸಾಲವಲ್ದು, ಬಿಡಬೇ," ಎಂದ ದೊಡ್ಡಪ್ಪ. ಕೇರಿಯ ಹಿರಿಯ, ಹುಟ್ಟು ಸಾವು ಎರಡೂ ಅವನ ಕೈಮೇಲೆಯೇ ಆಗಬೇಕು. "ಎಮ್ಮಿ ಕಟ್ಟೋ ಪಟ್ಟಿಗೆ ಇಷ್ಟ್ಯಾಕ ಜಗ್ಗ್ಯಾಡ್ತಿ?"

"ಅದು ಬಂದೂಕಿನ ಪಟ್ಟಿ."

"ಹೌದೌದು. ಆತ ಹೇಳಿದ್ದ, ನಾವು ಕೇಳಿದ್ವಿ. ಏಳೆಂಟು ವರ್ಸ ಕೇಳಿದ್ವಿ."

ಕೂತವರಲ್ಲಿ ಯಾರೋ ಕೆಮ್ಮಿದಂತೆ ಮಾಡಿ ನಗೆ ನುಂಗಿದರು. ಬಸ್ಸಮ್ಮ ಪಟ್ಟಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು. ದೊಡ್ಡಪ್ಪ ಬಿಟ್ಟುಕೊಟ್ಟ, ಸತ್ತ ಮನೆಯಲ್ಲಿ ಹೆಂಗಸಿನೊಡನೆ ಜಗ್ಗಾಡಿ ಗೆದ್ದರೂ ಮರ್ಯಾದೆಯಿಲ್ಲ.

ಅದು 1943. ದೂರದಲ್ಲೆಲ್ಲೋ ಯುದ್ಧ ನಡೆದಿತ್ತು. ಮಸರಕಲ್ಲಿಗೆ ಅದು ಸೀಮೆಎಣ್ಣೆ ಸಿಗದ ರೂಪದಲ್ಲಿ ಮಾತ್ರ ಬಂದು ತಲುಪಿತ್ತು.

*

ಹದಿನೈದು ವರ್ಷದ ಹಿಂದೆ ಉರುಕುಂದಪ್ಪ ರಾಯಚೂರು ಕೋಟೆಯ ಮಗ್ಗುಲಲ್ಲಿ ಬೀಡುಬಿಟ್ಟಿದ್ದ ಒಂದು ಪಲ್ಟನ್ನಿಗೆ ಮೋಚಿಯಾಗಿದ್ದ. ಅಲ್ಲಿಯ ಕಪ್ತಾನನಿಗೆ ಕೆಲಸ ಕಡಿಮೆ, ಓದು ಹೆಚ್ಚು. ಮಧ್ಯಾಹ್ನ ಚಿತ್ರದ ಪುಸ್ತಕ ಹಿಡಿದು ಚರ್ಮದ ಕೆಲಸದ ಕೊಠಡಿಗೆ ಬಂದು ಬಂದೂಕಿನ ಪಟ್ಟಿಯ ಚರಿತ್ರೆಯನ್ನು ಉಪದೇಶಿಸುತ್ತಿದ್ದ. ಮೊದಲು ಪಟ್ಟಿ ಇದ್ದದ್ದು ಹೆಗಲಿಗೆ ನೇತುಹಾಕಲು ಅಷ್ಟೇ. ಆಮೇಲೆ ಯಾವನೋ ಅದನ್ನು ತೋಳಿಗೆ ಸುತ್ತಿ ಗುರಿಯಿಟ್ಟು, ನಳಿಗೆ ಅಲುಗುವುದಿಲ್ಲವೆಂದು ಕಂಡುಕೊಂಡ. ಅಮೆರಿಕದವರು ಅದನ್ನು ಎರಡು ತುಂಡು ಮಾಡಿ, ಸಾಲಾಗಿ ತೂತು ಕೊರೆದು, ಹಿತ್ತಾಳೆ ಕೊಕ್ಕೆ ಇಟ್ಟರು. ಇನ್ನೊಬ್ಬ ಚರ್ಮವೇ ಬೇಡವೆಂದು ದಪ್ಪ ನೂಲಿನಲ್ಲಿ ನೇಯಿಸಿ ಹೆಸರು ಮಾಡಿದ.

"ನೋಡು ಮೋಚಿ, ಪ್ರತಿ ಪಟ್ಟಿಗೂ ಮಾಡಿದವನ ಹೆಸರು ಅದ," ಎಂದ ಕಪ್ತಾನ.

ಉರುಕುಂದಪ್ಪ ಚಿತ್ರಗಳನ್ನು ಬಹಳ ಹೊತ್ತು ನೋಡಿದ. ತೋಳಿಗೆ ಬಿಗಿಯಬೇಕಾದರೂ ಕೊಕ್ಕೆ ತೆಗೆದು ತೂತು ಎಣಿಸಬೇಕು, ಸಡಿಲಿಸಬೇಕಾದರೂ ಎಣಿಸಬೇಕು.

"ಇವರ್ಯಾರೂ ಎತ್ತು ಕಟ್ಟಿದವರಲ್ಲೇನ್ರಿ, ಸಾಹೇಬ್ರ?"

ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವ ಚರ್ಮದ ಪಟ್ಟಿ ಜತ್ತಿಗೆ. ಉರುಕುಂದಪ್ಪನ ಅಪ್ಪ ಜತ್ತಿಗೆಗೆ ತನ್ನದೇ ಒಂದು ಕುಣಿಕೆ ಹಾಕುತ್ತಿದ್ದ. ಭಾರ ಬಿದ್ದರೆ ಬಿಗಿಯುತ್ತದೆ, ಭಾರ ಇಳಿದರೆ ತಾನೇ ಸಡಿಲಾಗುತ್ತದೆ. ಎತ್ತು ಮುಗ್ಗರಿಸಿ ಬಿದ್ದರೂ ಕೊರಳು ಉಳಿಯುತ್ತದೆ. ಅದೇ ಕುಣಿಕೆಯನ್ನು ಉರುಕುಂದಪ್ಪ ಬಂದೂಕಿನ ಪಟ್ಟಿಗೆ ಹಾಕಿದ. ಗುರಿಯಿಟ್ಟರೆ ತೋಳು ಹಿಡಿಯುತ್ತಿತ್ತು, ಬಂದೂಕು ಇಳಿಸಿದರೆ ಬಿಡುತ್ತಿತ್ತು. ತೂತಿಲ್ಲ, ಕೊಕ್ಕೆಯಿಲ್ಲ. ಹನ್ನೆರಡು ಪಟ್ಟಿ ಮಾಡಿ, ತುದಿಯಲ್ಲಿ ಅರ್ಧಚಂದ್ರದ ಗುರುತು ಒತ್ತಿದ. ಅಕ್ಷರ ಬಾರದವನ ಹೆಸರು ಅದು.

*

ಊರಿಗೆ ಮರಳಿದ ಮೇಲೆ ಈ ಕಥೆಯನ್ನು ಕೇರಿ ಮೊದಲು ನಂಬಿತು, ಆಮೇಲೆ ಸಹಿಸಿತು, ಕೊನೆಗೆ ಆಡಿಕೊಂಡಿತು. ಸಿರವಾರದ ಸಂತೆಯಲ್ಲಿ ಒಮ್ಮೆ ಬೀಗರ ಎದುರು ಅದನ್ನೇ ಶುರುಮಾಡಿದಾಗ ಬಸ್ಸಮ್ಮನೇ ಹೇಳಿದ್ದಳು:

"ಸಾಕು ಮಾಡು ನಿನ್ನ ಸುಳ್ಳು. ಮಂದಿ ನಗಾಕತ್ತಾರ."

ಉರುಕುಂದಪ್ಪ ಅರ್ಧದಲ್ಲೇ ನಿಲ್ಲಿಸಿದ. ಚಪ್ಪಲಿಯ ಬುಟ್ಟಿ ಹೊತ್ತುಕೊಂಡು ಎದ್ದ. ಆಮೇಲಿನ ಏಳು ವರ್ಷ ಪಟ್ಟಿಯ ಸುದ್ದಿ ಅವನ ಬಾಯಿಂದ ಬರಲಿಲ್ಲ. ಪಟ್ಟಿಗೆ ಮಾತ್ರ ಹಬ್ಬಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದ.

*

ಹಿರೇಕೊಟ್ನೆಕಲ್ಲಿನಿಂದ ಅಳಿಯ ರಾಮಲಿಂಗಪ್ಪನ ಬಂಡಿ ಬರುವ ಹೊತ್ತಿಗೆ ಬಿಸಿಲೇರಿತ್ತು. ಬಂಡಿಯಿಂದ ಮಗಳು ಗೋಪಮ್ಮ ಇಳಿದು ಒಳಗೆ ಓಡಿದಳು. ಹಿಂದೆ ಬಿಳಿಗಡ್ಡದ ಮುದುಕನೊಬ್ಬ ಕೋಲೂರಿ ಇಳಿದ.

"ರಾಯಚೂರಿನವ್ರಂತ, ಮಾವನ್ನ ನೋಡಾಕ ಹೊಂಟಿದ್ರಂತ. ದಾರ್ಯಾಗ ಸಿಕ್ರು," ಎಂದ ರಾಮಲಿಂಗಪ್ಪ. "ಸುದ್ದಿ ನಾನ ಹೇಳಿದೆ."

ಮುದುಕ ವಲಿ ಪಾಷಾ. ಅದೇ ಪಲ್ಟನ್ನಿನಲ್ಲಿ ಹವಾಲ್ದಾರನಾಗಿದ್ದು ಜಮಾದಾರನಾಗಿ ನಿವೃತ್ತನಾದವನು. ಹೆಣದ ಮುಂದೆ ತಲೆ ತಗ್ಗಿಸಿ ಕೂತ. ಬಸ್ಸಮ್ಮ ಅಳುವುದನ್ನು ನಿಲ್ಲಿಸಿ, ಕೈಗೆ ಸುತ್ತಿದ್ದ ಪಟ್ಟಿಯನ್ನು ಅವನ ಮುಂದೆ ಬಿಚ್ಚಿದಳು.

"ಜಮಾದಾರ್ರ, ಒಂದು ಮಾತು ಹೇಳ್ರಿ. ಇದು ಏನು?"

ವಲಿ ಪಾಷಾ ತನ್ನ ಚೀಲದಿಂದ ಇನ್ನೊಂದು ಪಟ್ಟಿ ತೆಗೆದು ಅದರ ಪಕ್ಕದಲ್ಲಿಟ್ಟ. ಅದೇ ಅಗಲ, ಅದೇ ಕುಣಿಕೆ, ತುದಿಯಲ್ಲಿ ಅದೇ ಅರ್ಧಚಂದ್ರ.

"ಆತ ಮಾಡಿದ್ದವ್ವಾ. ಖರೆ ಅದ. ಕರ್ನಲ್ ಸಾಬ್ರು ನೋಡಿ ಖುಷ್ ಆಗಿ, ಇದು ಯಾರ ಅಕ್ಕಲ್ ಅಂತ ನನ್ನ ಕೇಳಿದ್ರು. ಮ್ಯಾಲಿನವರಿಗೆ ಕಳ್ಸೋ ಕಾಗದದಾಗ ಕಪ್ತಾನ್ ಸಾಬ್ರು ತಮ್ಮ ಹೆಸರು ಬರ್ಕೊಂಡಿದ್ರು. ನನಗ ಮುಂದಿನ ತಿಂಗಳು ಬಡ್ತಿ ಇತ್ತು." ಗಡ್ಡ ನೀವಿಕೊಂಡ. "ಕಪ್ತಾನ್ ಸಾಬ್ರದು ಅಂತ ಹೇಳಿದೆ. ಉರುಕುಂದ ಅಲ್ಲೇ ನಿಂತಿದ್ದ."

"ಆಮ್ಯಾಲ?"

"ಕಾಗದ ಹೈದ್ರಾಬಾದಿಗೆ ಹೋಯ್ತು. ಎಂಟು ತಿಂಗಳಿಗೆ ಜವಾಬು ಬಂತು, ನೂಲಿನ ಪಟ್ಟಿ ಬರಾಕತ್ತಾವ, ಚರ್ಮದ್ದು ಬ್ಯಾಡ ಅಂತ. ಕಪ್ತಾನ್ ಸಾಬ್ರಿಗೂ ಹೆಸರು ಬರ್ಲಿಲ್ಲ. ಹತ್ತು ಪಟ್ಟಿ ಕೊಯ್ದು ಬೂಟಿಗೆ ಹಾಕಿದ್ರು. ಆತಂದು ಒಂದು, ನಂದು ಒಂದು ಉಳೀತು."

ಬಸ್ಸಮ್ಮ ಗಂಡನ ಕಿವಿಯ ಹತ್ತಿರ ಬಾಗಿ ಏನೋ ಅಂದಳು. ಏನೆಂದಳೋ ಯಾರಿಗೂ ಕೇಳಿಸಲಿಲ್ಲ; ಕೇಳಿಸಬೇಕಾದವನಿಗೂ.

ದೊಡ್ಡಪ್ಪ ಎರಡೂ ಪಟ್ಟಿಗಳನ್ನು ಬಿಸಿಲಿಗೆ ಹಿಡಿದು ನೋಡಿದ. "ಗುರ್ತು ಅದ, ಒಪ್ಪಿದೆ. ಆದ್ರ ಬಿಗೀತದ, ಬಿಡ್ತದ ಅಂತಾರಲ್ಲ, ಅದನ್ನ ಕಂಡವರ್ಯಾರು?"

*

ಹಳ್ಳದ ದಂಡೆಯಲ್ಲಿ ಗುಣಿ ಮೂರು ಮೊಳ ತೋಡಿದ್ದರು. ಆ ಕೇರಿಯ ಪದ್ಧತಿಯಲ್ಲಿ ಹೆಣವನ್ನು ಎದೆಗೊಂದು ಮಂಡಿಗೊಂದು ಹಗ್ಗ ಕಟ್ಟಿ ಇಳಿಸುತ್ತಾರೆ. ಕಟ್ಟಿದ ಹೆಣದ ಮೇಲೆ ಮಣ್ಣು ಹಾಕುವಂತಿಲ್ಲ, ಗಂಟು ಬಿಚ್ಚಲು ಅಳಿಯನಾದವನು ಗುಣಿಗೆ ಇಳಿಯಬೇಕು. ಇಳಿಸಿದ ಹಗ್ಗ ಮಣ್ಣಿನೊಳಗೇ ಉಳಿಯಬೇಕು. ಹೆಣ ಮುಟ್ಟಿದ್ದು ಮನೆಗೆ ಬರುವಂತಿಲ್ಲ.

ಬಸ್ಸಮ್ಮ ಎರಡೂ ಪಟ್ಟಿಗಳನ್ನು ತಂದು ದೊಡ್ಡಪ್ಪನ ಮುಂದೆ ಹಿಡಿದಳು.

"ಹಗ್ಗದ ತುದಿಗೆ ಇವನ್ನ ಕಟ್ಟು. ಇದರಾಗ ಇಳಸು."

"ಇಳಿಸಿದ್ರ ಇಲ್ಲೇ ಬಿಡಬೇಕಾಗ್ತದ. ತಿಳೀತಿಲ್ಲೋ?"

"ತಿಳದದ."

ವಲಿ ಪಾಷಾ ಕೋಲೂರಿ ಹತ್ತಿರ ಬಂದ. "ಬ್ಯಾಡವ್ವಾ. ಹನ್ನೆರಡರಾಗ ಇವೆರಡೇ ಉಳದಾವ. ಇಟ್ಕೊ. ನಾಳೆ ದೇವದುರ್ಗದ ಕಚೇರಿಗೆ ಹೋಗೋಣ, ನಾ ಹೇಳ್ತೀನಿ, ಬರಸೋಣ. ಅವತ್ತು ಹೇಳಬೇಕಾದ್ದು ಈಗ ಹೇಳ್ತೀನಿ."

"ಬರದಿದ್ದನ್ನ ಓದಾಕ ಈ ಕೇರ್ಯಾಗ ಯಾರದಾರ್ರಿ, ಜಮಾದಾರ್ರ?" ಎಂದಳು ಬಸ್ಸಮ್ಮ. "ನೋಡಾಕಾದ್ರ ಎಲ್ಲಾರಿಗೂ ಕಣ್ಣದಾವ."

ವಲಿ ಪಾಷಾ ತಾನೇ ಮಣ್ಣಿಗೆ ಕೂತು, ಹೆಣದ ಎದೆಗೊಂದು ಮಂಡಿಗೊಂದು ಕುಣಿಕೆ ಹಾಕಿದ. ಅಷ್ಟು ವರ್ಷದ ಮೇಲೂ ಬೆರಳು ಮರೆತಿರಲಿಲ್ಲ. ದೊಡ್ಡಪ್ಪ ತಲೆಯ ಕಡೆಯ ಹಗ್ಗ ಹಿಡಿದ. ಅದನ್ನು ಬೇರೆಯವರಿಗೆ ಬಿಡಲು ಒಪ್ಪಲಿಲ್ಲ. ಇನ್ನೊಬ್ಬರು ಕಾಲಿನ ಕಡೆಯದನ್ನು ಹಿಡಿದರು. ಹೆಣ ಎತ್ತಿದ ಕೂಡಲೇ ಪಟ್ಟಿಗಳು ಕಿರ್ ಎಂದು ಬಿಗಿದುಕೊಂಡವು. ಉರುಕುಂದಪ್ಪ ಅಲುಗಾಡದೆ, ಮಟ್ಟವಾಗಿ ಕೆಳಗಿಳಿದ. ರಾಮಲಿಂಗಪ್ಪ ಧೋತರ ಮೇಲೆ ಕಟ್ಟಿ ಗುಣಿಯ ಅಂಚಿನಲ್ಲಿ ಸಿದ್ಧನಾಗಿ ನಿಂತ.

ಬೆನ್ನು ನೆಲಕ್ಕೆ ತಾಗಿತು. ದೊಡ್ಡಪ್ಪನ ಕೈಯಲ್ಲಿ ಹಗ್ಗ ಹಗುರಾಯಿತು. ಅವನು ಬಾಗಿ ನೋಡಿದ. ಕೇರಿಯೂ ಅವನ ಹಿಂದೆಯೇ ಬಾಗಿತು. ಎದೆಯ ಮೇಲಿನ ಕುಣಿಕೆ ಮೆಲ್ಲನೆ ಅಗಲವಾಗಿ ಎರಡು ಪಕ್ಕೆಗೂ ಜಾರಿತು. ಮಂಡಿಯದೂ ಜಾರಿತು.

ದೊಡ್ಡಪ್ಪ ಹಗ್ಗವನ್ನು ಒಳಗೆ ಬಿಟ್ಟ. ರಾಮಲಿಂಗಪ್ಪ ಗುಣಿಗೆ ಇಳಿಯಬೇಕಾಗಲಿಲ್ಲ.