ಗುರಿ ತಪ್ಪಿದ ಬೆಂಕಿಯ ಮಡಕೆ

ವಾರವಿಡೀ ಶಾಲೆಯ ಮಕ್ಕಳ ಮುಂದೆ ಗಂಟಲು ಹರಿದುಕೊಂಡಿದ್ದ ಸುಮೈರಾಗೆ ಆ ಭಾನುವಾರ ಹರಿಹರದಿಂದ ದಾವಣಗೆರೆಯ ಬಸ್ಸು ಹತ್ತುವ ಮನಸ್ಸೇ ಇರಲಿಲ್ಲ. ಆದರೂ ಬಂದಳು. ಎಸ್.ಎಸ್. ಬಡಾವಣೆಯಲ್ಲಿ ಗೆಳತಿ ಬಿಂದುವಿನ ಮನೆಯಲ್ಲಿ ಗೆಳೆಯ ಮಾರುತಿಯೂ ಸೇರಿ ಮೂವರೂ ನಾಲ್ಕು ವರ್ಷದಿಂದ ಆಡುತ್ತಿದ್ದ ಆಟ ಅದು. ಬಿಂದು, ಮಾರುತಿ ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ನಡೆಸಬೇಕು, ಸೋಲು ಗೆಲುವು ದಾಳ ಹೇಳಬೇಕು, ಚೌಕ ಗೆರೆಯ ನಕ್ಷೆ ಹರಡಿ ಉಳಿದ ಊರು, ಜನ, ಶತ್ರುಗಳನ್ನೆಲ್ಲ ಸುಮೈರಾ ನಡೆಸಬೇಕು.

ಅಂದಿನ ಕಥೆಯಲ್ಲಿ ಸೇತುವೆಯ ಮೇಲೆ ಡಕಾಯಿತರು ಅಡ್ಡಗಟ್ಟಿದ್ದರು. ಮಾರುತಿ ಬೆಂಕಿಯ ಮಡಕೆ ಎಸೆದ. ದಾಳದಲ್ಲಿ ಮೂರು ಬಿತ್ತು, ಗುರಿ ತಪ್ಪಿತು.

“ತಪ್ತು ಅಂದ್ರೆ ತಪ್ತು. ಮುಂದಕ್ಕೆ ಹೋಗಾಣ,” ಎಂದ.

“ಅದ್ಹೆಂಗೆ?” ಎಂದಳು ಬಿಂದು. “ಉರಿಯೋ ಮಡಕೆ ಗಾಳ್ಯಾಗೆ ಮಾಯ ಆಗ್ತೈತೇನು? ಎಲ್ಲೋ ಒಂದ್ಕಡೆ ಬೀಳ್ಬೇಕಲ್ಲ.”

ಸತತ ಮೂರನೇ ವಾರ ಇದೇ ಜಗಳ. ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಬ್ಬರನ್ನೂ ಸಮಾಧಾನಪಡಿಸುವ ತ್ರಾಣ ಸುಮೈರಾಳಲ್ಲಿ ಉಳಿದಿರಲಿಲ್ಲ.

“ಸಾಕು ಬಿಡ್ರಪ್ಪ. ಇವತ್ತಿಂದ ಎಂಟು ಮುಖದ ದಾಳ ದಿಕ್ಕು ಹೇಳ್ತೈತೆ, ಇನ್ನೊಂದು ಎಷ್ಟು ಚೌಕ ದೂರ ಅಂತ ಹೇಳ್ತೈತೆ. ಬಿದ್ದಲ್ಲಿ ಯಾರಿದ್ರೂ ಸುಟ್ಟು ಹೋಗ್ತಾರೆ. ಮತ್ತೆ ವಾದ ಬ್ಯಾಡ.”

ತಾನೇ ಎರಡೂ ದಾಳ ಉರುಳಿಸಿದಳು. ಈಶಾನ್ಯ, ನಾಲ್ಕು. ನಕ್ಷೆಯ ಚೌಕಗಳನ್ನು ಬೆರಳಿಂದ ಎಣಿಸುತ್ತ ಹೋದಳು. ಬೆರಳು ನಿಂತದ್ದು ಸೇತುವೆ ಕಾಯುವ ಮುದುಕಿಯ ಗುಡಿಸಲ ಮೇಲೆ. ಆ ಮುದುಕಿಗೆ ಅವಳು ತನ್ನ ಅಜ್ಜಿ ಇಮಾಂಬೀಯ ದನಿಯನ್ನೇ ಕೊಟ್ಟಿದ್ದಳು. ಅಜ್ಜಿ ತೀರಿಕೊಂಡಾಗ ಸುಮೈರಾ ದೂರದ ಊರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಕೊನೆಯ ಬಾರಿ ಮುಖ ನೋಡಲೂ ಸಿಕ್ಕಿರಲಿಲ್ಲ. ಇದು ಗೆಳೆಯರಿಬ್ಬರಿಗೂ ಗೊತ್ತಿತ್ತು.

“ಇನ್ನೊಂದ್ಸಲ ಹಾಕು,” ಎಂದ ಮಾರುತಿ ಮೆತ್ತಗೆ. “ಹೊಸ ನಿಯಮ ಮುಂದಿನ ವಾರದಿಂದ ಹಿಡಿಯಾಣ.”

ಸುಮೈರಾಗೂ ಆಸೆಯಾಯಿತು. ಆದರೆ ಹಾಗೆ ಮಾಡಿದರೆ ಮುಂದಿನ ವಾರವೂ ಇದೇ ವಾದ. “ಬ್ಯಾಡ. ಬಿದ್ದಿದ್ದು ಬಿತ್ತು,” ಎಂದು ಮುದುಕಿಯ ಹೆಸರಿನ ಮೇಲೆ ಪೆನ್ಸಿಲಿನಿಂದ ಗೀಟೆಳೆದಳು.

ಸರದಿ ಬಂದಾಗ ಬಿಂದು ಡಕಾಯಿತರ ಮೇಲೆ ಕತ್ತಿ ಎತ್ತಲಿಲ್ಲ. “ನಾನು ಗುಡಿಸಲಿಗೆ ಹೋಗಿ ಅಜ್ಜೀನ ಎತ್ಕೊಂಡ್ ಬರ್ತೀನಿ,” ಎಂದಳು. “ನಾನು ಹೊಳೆದಂಡೆಯಾಗೆ ಕುಣಿ ತೋಡ್ತೀನಿ,” ಎಂದ ಮಾರುತಿ. ಡಕಾಯಿತರು ತಪ್ಪಿಸಿಕೊಂಡರು. ಯಾರೂ ಬೆನ್ನು ಹತ್ತಲಿಲ್ಲ.

“ಮಣ್ಣು ಹಾಕೋವಾಗ ಏನ್ ಹೇಳ್ಬೇಕು?” ಎಂದು ಮಾರುತಿ ಕೇಳಿದ.

ಮಣ್ಣು ಕೊಡುವಾಗ ತಮ್ಮವರು ಹೇಳುವ ಪ್ರಾರ್ಥನೆಯನ್ನು ಸುಮೈರಾ ಒಂದೊಂದೇ ಪದವಾಗಿ ಹೇಳಿಕೊಟ್ಟಳು. ಇಬ್ಬರೂ ತೊದಲುತ್ತಲೇ ಪೂರ್ತಿ ಹೇಳಿದರು. ಅವಳು ದುಪಟ್ಟಾದಲ್ಲಿ ಮುಖ ಒರೆಸಿಕೊಂಡು, ಇವತ್ತಿಗೆ ಆಟ ಇಲ್ಲಿಗೇ ಸಾಕು ಎಂದಳು.